ಕಾರಿನ ವಿಮೆ: ಕಂತು ಏರಿದ್ದೆಲ್ಲಿ, ಕ್ಲೇಮಿಗೆ ಕತ್ತರಿ ಬಿದ್ದದ್ದೆಲ್ಲಿ?

ಮಾನ್ಯ ಸಂಪಾದಕರೇ,

ಮಳೆಗಾಲ ಹತ್ತಿರ ಬಂತೆಂದರೆ ಮಾಟುಂಗಾದ ಹೋಟೆಲ್ ಮೇಜಿನಿಂದ ಡೊಂಬಿವಲಿಯ ಸೊಸೈಟಿ ಗೇಟಿನವರೆಗೆ ನಮ್ಮ ಮುಂಬೈ ಕನ್ನಡಿಗರ ನಡುವೆ ಒಂದೇ ಪ್ರಶ್ನೆ ಓಡಾಡುತ್ತದೆ: ‘ಕಾರಿಗೆ ಯಾವ ಕಂಪನಿಯ ಇನ್ಶೂರೆನ್ಸ್ ಒಳ್ಳೇದು ಮಾರಾಯ್ರೆ? ನಮ್ಮದು ಈ ಸಲ ಸಿಕ್ಕಾಪಟ್ಟೆ ಏರಿಸಿದ್ದಾರೆ.’ ಉತ್ತರವಾಗಿ ಬರುವುದು ಒಂದೋ ಯಾರೋ ಏಜೆಂಟರ ಹೆಸರು, ಇಲ್ಲವೇ ಮೊಬೈಲಿನಲ್ಲಿ ಕಂಡ ಅತಿ ಕಡಿಮೆ ಮೊತ್ತ. ಎರಡರಿಂದಲೂ ಕೆಲಸವಾಗುವುದಿಲ್ಲ. ಕಂತು ಏಕೆ ಏರಿತೆಂಬುದು ಪಾಲಿಸಿಯ ಷೆಡ್ಯೂಲಿನಲ್ಲೇ (ವಿವರಗಳ ಪುಟದಲ್ಲಿ) ಅಂಕಿಯಾಗಿ ಕೂತಿರುತ್ತದೆ. ಕಂಪನಿ ಕ್ಲೇಮನ್ನು ಹೇಗೆ ನಡೆಸುತ್ತದೆ ಎಂಬುದು ಅದೇ ಕಂಪನಿ ಮೂರು ತಿಂಗಳಿಗೊಮ್ಮೆ ತನ್ನ ವೆಬ್‌ಸೈಟಿನಲ್ಲಿ ಹಾಕಲೇಬೇಕಾದ ತಖ್ತೆಗಳಲ್ಲಿರುತ್ತದೆ. ಇವೆರಡನ್ನೂ ಓದುವುದು ಹೇಗೆಂದು ತಿಳಿಸಲು ಈ ಪತ್ರ. ಸ್ವಲ್ಪ ಉದ್ದವಾಗಿದೆ, ಲೆಕ್ಕಗಳೂ ಇವೆ. ಸ್ಥಳ ಕೊಡಬೇಕಾಗಿ ವಿನಂತಿ.

ಕಂತಿನಲ್ಲಿ ಎರಡು ಭಾಗ. ನಮ್ಮ ಕಾರಿನಿಂದ ಬೇರೆಯವರಿಗೆ ಆದ ಹಾನಿಗೆ ಥರ್ಡ್ ಪಾರ್ಟಿ, ನಮ್ಮದೇ ಕಾರಿನ ಹಾನಿಗೆ ಓನ್ ಡ್ಯಾಮೇಜ್ (ಚಿಕ್ಕದಾಗಿ ‘ಓಡಿ’). ಮೊದಲನೆಯದು 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಕಡ್ಡಾಯ. ಅದರ ದರವನ್ನು ನಿಗದಿ ಮಾಡುವುದು ಕೇಂದ್ರ ಸರಕಾರವೇ ಹೊರತು ಕಂಪನಿಯಲ್ಲ. 2022ರ ಜೂನ್ 1ರಿಂದ ಜಾರಿಗೆ ಬಂದ ಪಟ್ಟಿಯಲ್ಲಿ 1000 ಸಿಸಿವರೆಗಿನ ಖಾಸಗಿ ಕಾರಿಗೆ 2,094 ರೂ., 1000ರಿಂದ 1500 ಸಿಸಿಗೆ 3,416 ರೂ., ಅದಕ್ಕೂ ಮೇಲಿನದಕ್ಕೆ 7,897 ರೂ. ಅದಕ್ಕೆ ಮುಂಚಿನ 2019ರ ಪಟ್ಟಿಯಲ್ಲಿ ಇವೇ 2,072, 3,221 ಮತ್ತು 7,890 ಇದ್ದವು. ಅಂದರೆ ಸಣ್ಣ ಕಾರಿಗೆ ಏರಿದ್ದು 22 ರೂಪಾಯಿ, ದೊಡ್ಡದಕ್ಕೆ 7 ರೂಪಾಯಿ. ಬ್ಯಾಟರಿ ಕಾರಿಗೆ ಶೇ. 15 ರಿಯಾಯಿತಿಯೂ ಇದೆ. ಫೋರ್ಟಿನ ಸರಕಾರಿ ಕಂಪನಿಯಲ್ಲಿ ತೆಗೆದುಕೊಂಡರೂ ಮೊಬೈಲಿನಲ್ಲಷ್ಟೇ ಇರುವ ಕಂಪನಿಯಲ್ಲಿ ತೆಗೆದುಕೊಂಡರೂ ಈ ಮೊತ್ತ ಒಂದೇ. ಹಾಗಾಗಿ ‘ಸರಕಾರ ಥರ್ಡ್ ಪಾರ್ಟಿ ಏರಿಸಿದೆ ಸಾರ್, ಅದಕ್ಕೇ ನಿಮ್ಮದು ನಾಲ್ಕು ಸಾವಿರ ಜಾಸ್ತಿ’ ಎಂದು ಯಾರಾದರೂ ಹೇಳಿದರೆ, ಷೆಡ್ಯೂಲಿನಲ್ಲಿ ಆ ಒಂದು ಸಾಲಿನ ಮೇಲೆ ಬೆರಳಿಟ್ಟು ಹೋದ ವರ್ಷದ್ದಕ್ಕೆ ಹೋಲಿಸಿ. ಮಾತು ಅಲ್ಲಿಗೇ ಮುಗಿಯುತ್ತದೆ.

ಏರಿಕೆ ನಿಜವಾಗಿ ನಡೆಯುವುದು ಓನ್ ಡ್ಯಾಮೇಜಿನಲ್ಲಿ. ಈ ಭಾಗದ ದರ ನಿಯಂತ್ರಣ 2007ರ ಜನವರಿ 1ಕ್ಕೆ ಹೋಯಿತು. ಆದರೂ ಲೆಕ್ಕದ ಬುನಾದಿಯಾಗಿ 2002ರ ಮೋಟಾರ್ ಟ್ಯಾರಿಫ್ (ದರಪಟ್ಟಿ) ಸಾಮಾನ್ಯವಾಗಿ ಈಗಲೂ ಉಳಿದಿದೆ. ಅದರ ಪ್ರಕಾರ ಮುಂಬೈ, ಪುಣೆ, ಬೆಂಗಳೂರು, ಚೆನ್ನೈ, ಹೈದರಾಬಾದ್, ಅಹಮದಾಬಾದ್, ಕೋಲ್ಕತ್ತ, ನವದೆಹಲಿ ‘ಎ’ ವಲಯ. ಗೋವಾ, ಉಡುಪಿ, ಮಂಗಳೂರು ಸೇರಿ ಉಳಿದದ್ದೆಲ್ಲ ‘ಬಿ’ ವಲಯ. ಐದು ವರ್ಷದೊಳಗಿನ, 1000ರಿಂದ 1500 ಸಿಸಿ ಕಾರಿಗೆ ಎ ವಲಯದಲ್ಲಿ ಐಡಿವಿಯ ಶೇ. 3.283, ಬಿ ವಲಯದಲ್ಲಿ ಶೇ. 3.191. ಐಡಿವಿ ಎಂದರೆ ಕಾರು ಪೂರ್ತಿ ಹೋದರೆ ಕಂಪನಿ ಕೊಡುವ ಗರಿಷ್ಠ ಮೊತ್ತ. ಈ ಬುನಾದಿ ದರದ ಮೇಲೆ ಕಂಪನಿ ತನ್ನ ರಿಯಾಯಿತಿ ಕಳೆಯುತ್ತದೆ, ಆಮೇಲೆ ಕ್ಲೇಮ್ ಮಾಡದ ವರ್ಷಗಳಿಗೆ ಸಿಗುವ ನಿಮ್ಮ ನೋ ಕ್ಲೇಮ್ ಬೋನಸ್ ಕಳೆಯುತ್ತದೆ, ಕೊನೆಗೆ ಝೀರೋ ಡೆಪ್ (ಬಿಡಿಭಾಗದ ಸವಕಳಿ ಕಳೆಯದಿರುವ ಸೌಲಭ್ಯ) ಮುಂತಾದ ಆಡ್-ಆನ್, ಅಂದರೆ ಹೆಚ್ಚುವರಿ ರಕ್ಷಣೆ, ಸೇರಿಸಿ ಶೇ. 18 ಜಿಎಸ್‌ಟಿ ಹಾಕುತ್ತದೆ. ಎಲ್ಲ ಆಟ ಆ ನಡುವಿನ ‘ಕಂಪನಿ ರಿಯಾಯಿತಿ’ಯಲ್ಲಿ.

ಒಂದು ಲೆಕ್ಕ ನೋಡಿ. ಹೋದ ವರ್ಷ ಐಡಿವಿ 6,00,000. ಶೇ. 3.283ರಂತೆ 19,698 ರೂ. ಕಂಪನಿ ಶೇ. 70 ಬಿಟ್ಟಿತು, ಉಳಿದದ್ದು 5,909. ಶೇ. 20 ಬೋನಸ್ ಕಳೆದು 4,727. ಈ ವರ್ಷ ಐಡಿವಿ 5,25,000ಕ್ಕೆ ಇಳಿದಿದೆ, ಬೋನಸ್ ಶೇ. 25ಕ್ಕೆ ಏರಿದೆ. ಕಂತು ಇಳಿಯಬೇಕು ತಾನೇ? ಬುನಾದಿ 17,236 ರೂ. ಆಯಿತು, ಆದರೆ ಕಂಪನಿ ಈ ಸಲ ಶೇ. 55 ಮಾತ್ರ ಬಿಟ್ಟಿತು. ಉಳಿದದ್ದು 7,756, ಬೋನಸ್ ಕಳೆದು 5,817. ಕಾರು ಹಳೆಯದಾಯಿತು, ಕ್ಲೇಮ್ ಮಾಡಲಿಲ್ಲ, ಆದರೂ ಕಂತು ಶೇ. 23 ಏರಿತು. ನವೀಕರಣದ ನೋಟಿಸಿನಲ್ಲಿ ಬೋನಸ್ ಏರಿದ್ದು ದಪ್ಪ ಅಕ್ಷರದಲ್ಲಿರುತ್ತದೆ, ರಿಯಾಯಿತಿ ಇಳಿದದ್ದು ಇರುವುದಿಲ್ಲ. ಆದ್ದರಿಂದ ಹೊಸ ನೋಟಿಸ್ ಬಂದಾಗ ಹಳೇ ಷೆಡ್ಯೂಲನ್ನು ಪಕ್ಕದಲ್ಲಿಟ್ಟು ಐಡಿವಿ, ಬೇಸಿಕ್ ಓಡಿ, ರಿಯಾಯಿತಿಯ ನಂತರದ ಓಡಿ ಎಂಬ ಮೂರು ಸಾಲುಗಳನ್ನು ಮೊದಲು ಹೋಲಿಸಿ. ಕಂಪನಿ ರಿಯಾಯಿತಿ ಇಳಿಸಲು ಕಾರಣ ನೀವೇ ಆಗಬೇಕೆಂದಿಲ್ಲ. ನಿಮ್ಮ ಮಾದರಿಯ ಕಾರಿನ ಬಿಡಿಭಾಗ ದುಬಾರಿಯಾಗಿರಬಹುದು, ನಿಮ್ಮ ಆರ್‌ಟಿಒ ವ್ಯಾಪ್ತಿಯಲ್ಲಿ ಕ್ಲೇಮ್ ಹೆಚ್ಚಿರಬಹುದು. ಹೊಸ ಗಿರಾಕಿಯನ್ನು ಹಿಡಿಯಲು ಮೊದಲ ವರ್ಷ ಕೊಟ್ಟ ರಿಯಾಯಿತಿಯನ್ನು ಎರಡನೇ ವರ್ಷ ಸದ್ದಿಲ್ಲದೆ ವಾಪಸು ತೆಗೆದುಕೊಳ್ಳುವುದೂ ಉಂಟು. ಕೇಳಿದರೆ ಕೆಲವು ಕಂಪನಿಗಳು ಸ್ವಲ್ಪ ಬಿಡುತ್ತವೆ. ಕೇಳದವರಿಗೆ ಯಾರೂ ಬಿಡುವುದಿಲ್ಲ.

ಇಲ್ಲಿ ಊರಿನ ನಂಬರ್ ಪ್ಲೇಟಿನ ಮಾತನ್ನೂ ಹೇಳಿಬಿಡಬೇಕು. ಉಡುಪಿ, ಮಂಗಳೂರಿನ ಕೆಎ-20, ಕೆಎ-19 ಗಾಡಿಯನ್ನು ಮುಂಬೈಯಲ್ಲೇ ಇಟ್ಟುಕೊಂಡರೆ ವಿಮೆ ಅಗ್ಗ ಎಂದು ನಂಬಿದವರು ಬಹಳ. ಮೇಲಿನ ಕಾರಿಗೇ ಲೆಕ್ಕ ಹಾಕಿ: ಎರಡು ವಲಯಗಳ ವ್ಯತ್ಯಾಸ 552 ರೂ., ಶೇ. 70 ರಿಯಾಯಿತಿ ಕಳೆದರೆ ಸುಮಾರು 166 ರೂ. ಇಷ್ಟಕ್ಕಾಗಿ ಮೋಟಾರು ವಾಹನ ಕಾಯ್ದೆಯ 47ನೇ ಸೆಕ್ಷನ್ನನ್ನು ಮೈಮೇಲೆ ಎಳೆದುಕೊಳ್ಳುವುದು ಜಾಣತನವಲ್ಲ. ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಇರುವ ಗಾಡಿಗೆ ಅಲ್ಲಿನ ನೋಂದಣಿ ಆಗಬೇಕೆನ್ನುತ್ತದೆ ಅದು.

ಇನ್ನು ‘ಅದೇ ಕಾರು, ಅದೇ ಪಾಲಿಸಿ, ಎರಡು ಸಾವಿರ ಕಡಿಮೆ’ ಎಂಬ ಆಸೆ. ಹೆಚ್ಚಿನ ಸಂದರ್ಭದಲ್ಲಿ ಕಡಿಮೆಯಾಗಿರುವುದು ಐಡಿವಿ. ಹೊಸ ಕಾರಿನ ಬೆಲೆಯಿಂದ ಆರು ತಿಂಗಳವರೆಗೆ ಶೇ. 5, ಒಂದು ವರ್ಷದವರೆಗೆ 15, ಎರಡಕ್ಕೆ 20, ಮೂರಕ್ಕೆ 30, ನಾಲ್ಕಕ್ಕೆ 40, ಐದಕ್ಕೆ 50 ಕಳೆದು ಐಡಿವಿ ಬರುತ್ತದೆ. ಐದು ದಾಟಿದರೆ ಕಂಪನಿ ಮತ್ತು ಮಾಲೀಕರ ಒಪ್ಪಂದದ ಮೊತ್ತ. ಎಳೆದಾಟ ಇರುವುದು ಅಲ್ಲೇ. ರಿಪೇರಿ ವೆಚ್ಚ ಐಡಿವಿಯ ಶೇ. 75 ದಾಟಿದರೆ ಕಾರನ್ನು ‘ಟೋಟಲ್ ಲಾಸ್’ ಎಂದು ಲೆಕ್ಕ ಹಾಕುತ್ತಾರೆ. ನಾಲ್ಕು ಲಕ್ಷ ಬಾಳುವ ಕಾರಿಗೆ ಅಗ್ಗದ ಆಸೆಯಿಂದ ಮೂರು ಲಕ್ಷದ ಐಡಿವಿ ಬರೆಸಿದರೆ, ಪ್ರವಾಹದಲ್ಲಿ 2.4 ಲಕ್ಷದ ಬಿಲ್ಲಾದಾಗ ಗಡಿ 2.25 ಲಕ್ಷವನ್ನು ದಾಟಿಬಿಡುತ್ತದೆ. ರಿಪೇರಿಯಾಗಬಹುದಾಗಿದ್ದ ಕಾರು ಗುಜರಿಗೆ, ಕೈಗೆ ಮೂರು ಲಕ್ಷದೊಳಗೆ. ಕಂಪನಿಗಳನ್ನು ಹೋಲಿಸುವಾಗ ಮೊದಲು ಎಲ್ಲ ಕಡೆಯೂ ಒಂದೇ ಐಡಿವಿ ಹಾಕಿ, ಅದೇ ಆಡ್-ಆನ್ ಹಾಕಿ. ಆಮೇಲೆ ಮೊತ್ತ ನೋಡಿ.

ಕಂತು ಇಳಿಸಿಕೊಳ್ಳುವ ನ್ಯಾಯದ ದಾರಿಗಳೂ ಇವೆ, ಆದರೆ ಲಾಭ ಸಣ್ಣದು. ಹಳೇ ಟ್ಯಾರಿಫಿನ ಪ್ರಕಾರ, ಪ್ರತಿ ಕ್ಲೇಮಿನಲ್ಲಿ 2,500 ರೂ. ನಾನೇ ಹೊರುತ್ತೇನೆಂದು ಒಪ್ಪಿದರೆ ಓಡಿಯಲ್ಲಿ ಶೇ. 20, ಹೆಚ್ಚೆಂದರೆ 750 ರೂ.; 15,000 ಹೊತ್ತರೆ ಶೇ. 35, ಹೆಚ್ಚೆಂದರೆ 2,500 ರೂ. ಎರಡೂವರೆ ಸಾವಿರ ಉಳಿಸಲು ಹದಿನೈದು ಸಾವಿರದ ಹೊರೆ ಹೊರುವುದು ಮೂಗಿಗಿಂತ ಮೂಗುತಿ ಭಾರವಾದಂತೆ. ಪುಣೆಯ ಎಆರ್‌ಎಐ (ವಾಹನ ಸಂಶೋಧನಾ ಸಂಸ್ಥೆ) ಮಾನ್ಯತೆ ಪಡೆದ ಕಳ್ಳತನ ತಡೆ ಸಾಧನಕ್ಕೆ ಶೇ. 2.5, ಗರಿಷ್ಠ 500 ರೂ.

ಸಣ್ಣ ಕ್ಲೇಮ್ ಮಾಡಬೇಕೋ ಬೇಡವೋ? ನೋ ಕ್ಲೇಮ್ ಬೋನಸ್ ಏರುವುದು ಶೇ. 20, 25, 35, 45, 50 ಎಂಬ ಮೆಟ್ಟಿಲುಗಳಲ್ಲಿ. ಒಂದು ಕ್ಲೇಮಾದರೆ ಸೀದಾ ಸೊನ್ನೆಗೆ. ಶೇ. 50ರಲ್ಲಿ ಇರುವವರು ಜಾರಿದರೆ ಮತ್ತೆ ಅಲ್ಲಿಗೆ ಏರುವವರೆಗಿನ ಐದು ನವೀಕರಣಗಳಲ್ಲಿ ಕಳೆದುಕೊಳ್ಳುವುದು 50, 30, 25, 15, 5. ಕೂಡಿಸಿದರೆ ಒಂದು ವರ್ಷದ ಓಡಿ ಕಂತಿನ ಒಂದೂಕಾಲು ಪಾಲು. ಬೋನಸ್ ಕಳೆಯುವ ಮುಂಚಿನ ಓಡಿ 8,000 ರೂ. ಇದ್ದರೆ ನಷ್ಟ 10,000, ಜಿಎಸ್‌ಟಿ ಸೇರಿ 11,800. ಐಡಿವಿ ವರ್ಷವರ್ಷ ಇಳಿಯುವುದರಿಂದ ನಿಜವಾದ ಮೊತ್ತ ಸ್ವಲ್ಪ ಕಡಿಮೆಯಾದೀತು, ಆದರೆ ದಿಕ್ಕು ಇದೇ. ಅಂಥವರು ಏಳೆಂಟು ಸಾವಿರದ ಬಂಪರ್ ಬಿಲ್ಲಿಗೆ ಕ್ಲೇಮ್ ಹಾಕುವುದು ಕೈಯಿಂದ ದುಡ್ಡು ಕೊಟ್ಟು ಕ್ಲೇಮ್ ಕೊಂಡಂತೆ. ಶೋರೂಮಿನ ಅಡ್ವೈಸರ್ ಈ ಲೆಕ್ಕ ಹೇಳುವುದಿಲ್ಲ, ಅವನಿಗೆ ಬೇಕಾದ್ದು ಬಿಲ್ಲು. ಇನ್ನೊಂದು: ಬೋನಸ್ ಕಾರಿನದ್ದಲ್ಲ, ಮಾಲೀಕರದ್ದು. ಕಾರು ಮಾರುವಾಗ ಕಂಪನಿಯಿಂದ ಪತ್ರ ಬರೆಸಿಕೊಂಡರೆ ಹೊಸ ಕಾರಿಗೆ ಬೇರೆ ಕಂಪನಿಯಲ್ಲೂ ಅದು ನಡೆಯುತ್ತದೆ. ಪಾಲಿಸಿ ಮುಗಿದು 90 ದಿನ ದಾಟಿದರೆ ಮಾತ್ರ ಅಷ್ಟೂ ಹೋಯಿತು.

ಈಗ ಕ್ಲೇಮಿಗೆ ಬರೋಣ. ‘ಶೇ. 98 ಕ್ಲೇಮ್ ಸೆಟಲ್ ಮಾಡಿದ್ದೇವೆ’ ಎಂಬಂಥ ಜಾಹೀರಾತನ್ನು ಓದುವಾಗ ಒಂದು ನೆನಪಿರಲಿ: ಅಲ್ಲಿ ಎಣಿಸಿರುವುದು ಕ್ಲೇಮುಗಳ ಸಂಖ್ಯೆ. ಎಂಬತ್ತು ಸಾವಿರದ ಬಿಲ್ಲಿಗೆ ಐವತ್ತು ಸಾವಿರ ಕೊಟ್ಟರೂ ಅದು ‘ಸೆಟಲ್’ ಆದದ್ದೇ. ಕತ್ತರಿ ಎಲ್ಲಿ ಬೀಳುತ್ತದೆಂದು ಒಂದು ಬಿಲ್ಲಿನಲ್ಲೇ ನೋಡೋಣ. ಮೂರೂವರೆ ವರ್ಷದ, 1200 ಸಿಸಿ ಕಾರು, ಮುಂಭಾಗಕ್ಕೆ ಪೆಟ್ಟು. ಜಿಎಸ್‌ಟಿ ಬಿಟ್ಟು ಬಿಲ್ 55,000. ಬಂಪರು, ಗ್ರಿಲ್ಲು ಎಂದು ಪ್ಲಾಸ್ಟಿಕ್ 9,000. ಪ್ಲಾಸ್ಟಿಕ್, ರಬ್ಬರ್, ಟೈರು, ಬ್ಯಾಟರಿಗೆ ಸವಕಳಿ ಅರ್ಧ, ಸಿಗುವುದು 4,500. ಬಾನೆಟ್, ಫೆಂಡರ್ ಎಂದು ಲೋಹ 16,000. ಮೂರರಿಂದ ನಾಲ್ಕನೇ ವರ್ಷಕ್ಕೆ ಲೋಹದ ಸವಕಳಿ ಶೇ. 25, ಸಿಗುವುದು 12,000. ಮುಂದಿನ ಗಾಜು 8,000. ಗಾಜಿಗೆ ಸವಕಳಿಯಿಲ್ಲ, ಪೂರ್ತಿ ಸಿಗುತ್ತದೆ. ಪೇಂಟಿಂಗ್ ಒಟ್ಟು 12,000. ಅದರಲ್ಲಿ ಕಾಲು ಭಾಗ ಬಣ್ಣದ ಸಾಮಗ್ರಿ ಎಂದು ಹಿಡಿದು ಅದಕ್ಕೆ ಅರ್ಧ ಸವಕಳಿ, ಸಿಗುವುದು 10,500. ಕೂಲಿ 7,000 ಪೂರ್ತಿ. ಕೂಲೆಂಟ್, ಎಸಿ ಗ್ಯಾಸು, ನಟ್ಟು ಬೋಲ್ಟು, ಕ್ಲಿಪ್ಪು 3,000, ಇದಕ್ಕೆ ಸೊನ್ನೆ. ಕೂಡಿದರೆ 42,000, 1500 ಸಿಸಿವರೆಗಿನ ಕಾರಿಗೆ ಕಡ್ಡಾಯವಾಗಿ ಕಳೆಯುವ 1,000 ಹೋಗಿ 41,000. ಉಳಿದ 14,000 ನಿಮ್ಮ ಜೇಬಿನಿಂದ. ಝೀರೋ ಡೆಪ್ ಇದ್ದರೆ ಜೇಬಿನಿಂದ ಹೋಗುವುದು 4,000. ಕೂಲೆಂಟ್, ಕ್ಲಿಪ್ಪಿನಂಥವಕ್ಕೆ ಇರುವ ಕನ್ಸ್ಯೂಮಬಲ್ಸ್ ಆಡ್-ಆನ್ ಕೂಡ ಇದ್ದರೆ ಆ ಸಾವಿರ ಮಾತ್ರ.

ಇದು ಕಂಪನಿಯ ಮೋಸವಲ್ಲ, ಪಾಲಿಸಿಯ ಷರತ್ತು. ಜಗಳವಾಗಬೇಕಾದ್ದು ಬೇರೆ ಕಡೆ. ಬಂಪರನ್ನು ಬದಲಿಸಬೇಕೋ ವೆಲ್ಡ್ ಮಾಡಿ ಉಳಿಸಬೇಕೋ ಎಂಬಲ್ಲಿ, ‘ಇದು ಹಳೇ ಡೆಂಟು’ ಎಂದು ಹಾನಿ ಅಂದಾಜಿಸುವ ಸರ್ವೇಯರ್ ಹೊಡೆದುಹಾಕುವ ಸಾಲುಗಳಲ್ಲಿ, ಕೂಲಿಯ ದರದಲ್ಲಿ. ಕಂಪನಿ ಕಂಪನಿಗೆ ವ್ಯತ್ಯಾಸ ಕಾಣುವುದೂ ಇಲ್ಲೇ. 50,000 ರೂ. ದಾಟುವ ಮೋಟಾರು ಕ್ಲೇಮಿಗೆ ಪರವಾನಗಿ ಪಡೆದ ಸರ್ವೇಯರೇ ಬೇಕು. ಅದಕ್ಕಿಂತ ಕೆಳಗೆ ಕಂಪನಿಯ ನೌಕರನೇ ಫೋಟೋ, ವಿಡಿಯೋ ನೋಡಿ ತೀರ್ಮಾನಿಸಬಹುದು. ಮೊಬೈಲಿನಲ್ಲಷ್ಟೇ ಇರುವ ವಿಮಾ ಕಂಪನಿಗಳು ಸಣ್ಣ ಕ್ಲೇಮಿನಲ್ಲಿ ವೇಗವಾಗಿರಲು ಕಾರಣ ಇದು. ದೊಡ್ಡ ಪೆಟ್ಟು, ಟೋಟಲ್ ಲಾಸ್, ಕಳವು ಎಂದಾಗ ಕುಳಿತು ಮಾತಾಡಲು ಒಂದು ಕಚೇರಿ, ಸಹಿ ಹಾಕಲು ಒಬ್ಬ ಅಧಿಕಾರಿ ಇದ್ದರೆ ಕಡತ ಸಾಗುತ್ತದೆ. ಸರಕಾರಿ ಕಂಪನಿಗಳ ಡಿವಿಜನಲ್ ಆಫೀಸಿನ ಉಪಯೋಗ ಅಲ್ಲಿ. ನಮಗೊಂದು ಅನುಕೂಲವೂ ಇದೆ: 1919ರಲ್ಲಿ ಹುಟ್ಟಿದ ನ್ಯೂ ಇಂಡಿಯಾ ಅಶ್ಯೂರೆನ್ಸ್‌ನ ಪ್ರಧಾನ ಕಚೇರಿ ಫೋರ್ಟಿನಲ್ಲಿ, ಐಸಿಐಸಿಐ ಲೊಂಬಾರ್ಡ್‌ನದ್ದು ಪ್ರಭಾದೇವಿಯ ಸಿದ್ಧಿವಿನಾಯಕನ ಹತ್ತಿರ, ಬಜಾಜ್‌ನ ವಿಮಾ ಕಂಪನಿಯದ್ದು ಪುಣೆಯ ಯರವಡಾದಲ್ಲಿ. ದೂರು ಅಧಿಕಾರಿಗೆ ಪತ್ರ ಕೊಟ್ಟು ಕೈಯಲ್ಲೇ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳುವ ಸೌಕರ್ಯ ಎಲ್ಲ ಊರಿನವರಿಗೂ ಇಲ್ಲ.

ಹಾಗಾದರೆ ಹೋಲಿಸುವುದು ಹೇಗೆ? ಪ್ರತಿ ಕಂಪನಿಯ ವೆಬ್‌ಸೈಟಿನಲ್ಲಿ ‘ಪಬ್ಲಿಕ್ ಡಿಸ್ಕ್ಲೋಷರ್ಸ್’ ಎಂಬ ಕೊಂಡಿ ಕೆಳಗಡೆ ಸಣ್ಣ ಅಕ್ಷರದಲ್ಲಿರುತ್ತದೆ. ಅದರೊಳಗೆ ಮೂರು ತಖ್ತೆ ಸಾಕು. ಎನ್‌ಎಲ್-37ರಲ್ಲಿ ಎಷ್ಟು ಕ್ಲೇಮ್ ಬಂತು, ಎಷ್ಟು ಕೊಟ್ಟರು, ಎಷ್ಟು ತಿರಸ್ಕರಿಸಿದರು, ಎಷ್ಟು ಬಾಕಿ ಎಂದಿದೆ. ಎನ್‌ಎಲ್-39ರಲ್ಲಿ ಹಣ ಕೊಟ್ಟ ಕ್ಲೇಮುಗಳ ವಯಸ್ಸಿದೆ: ಒಂದು ತಿಂಗಳೊಳಗೆ ಎಷ್ಟು, ಒಂದರಿಂದ ಮೂರು ತಿಂಗಳಲ್ಲಿ ಎಷ್ಟು, ಹೀಗೆ. ಇಲ್ಲಿ ‘ಮೋಟಾರ್ ಓಡಿ’ ಸಾಲನ್ನು ಮಾತ್ರ ನೋಡಬೇಕು. ಥರ್ಡ್ ಪಾರ್ಟಿ ಸಾಲು ನ್ಯಾಯಾಧಿಕರಣದಲ್ಲಿ ವರ್ಷಗಟ್ಟಲೆ ನಡೆಯುವ ಮೊಕದ್ದಮೆಗಳದ್ದು, ಅದನ್ನು ಬೆರೆಸಿದರೆ ಒಳ್ಳೆಯ ಕಂಪನಿಯೂ ಕೆಟ್ಟದಾಗಿ ಕಾಣುತ್ತದೆ. ಎನ್‌ಎಲ್-45ರಲ್ಲಿ ದೂರುಗಳು, ಹತ್ತು ಸಾವಿರ ಕ್ಲೇಮಿಗೆ ಎಷ್ಟು ದೂರು ಎಂಬ ಒಂದು ಅಂಕಿ ಅಲ್ಲಿದೆ. ದೊಡ್ಡ ಕಂಪನಿಯನ್ನೂ ಸಣ್ಣದನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ಇದಕ್ಕಿಂತ ಒಳ್ಳೆಯ ಅಂಕಿ ನಮಗೆ ಸಿಗುವುದಿಲ್ಲ. ಒಂದೇ ತ್ರೈಮಾಸಿಕ ನೋಡಿ ತೀರ್ಮಾನಿಸಬೇಡಿ. ಚಂಡಮಾರುತವೋ ಪ್ರವಾಹವೋ ಬಂದ ತಿಂಗಳುಗಳಲ್ಲಿ ಎಲ್ಲರದ್ದೂ ನಿಧಾನವಾಗುತ್ತದೆ. ನಾಲ್ಕು ತ್ರೈಮಾಸಿಕ ಸಾಲಾಗಿ ಇಡಿ.

‘ಇನ್‌ಕರ್ಡ್ ಕ್ಲೇಮ್ಸ್ ರೇಶಿಯೊ’ ಎಂಬುದನ್ನು ಕೆಲವರು ಕ್ಲೇಮ್ ಕೊಡುವ ಪ್ರಮಾಣ ಎಂದು ಓದುತ್ತಾರೆ. ಅದು ಗಳಿಸಿದ ಕಂತಿನಲ್ಲಿ ಶೇಕಡಾ ಎಷ್ಟು ಕ್ಲೇಮಿಗೆ ಹೋಯಿತೆಂಬ ಲೆಕ್ಕ, ಅಷ್ಟೇ. ಅದು ನೂರರ ಹತ್ತಿರ ಬಂದ ಕಂಪನಿ ಉದಾರಿ ಎಂದುಕೊಳ್ಳುವುದಕ್ಕಿಂತ, ಮುಂದಿನ ವರ್ಷ ರಿಯಾಯಿತಿ ಕಡಿಮೆ ಮಾಡೀತು ಎಂದುಕೊಳ್ಳುವುದು ಹೆಚ್ಚು ಸರಿ.

ಅವಧಿಯ ವಿಚಾರದಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರದ 2024ರ ಜೂನ್ ತಿಂಗಳ ಸುತ್ತೋಲೆ ಸ್ಪಷ್ಟವಾಗಿದೆ. ಕ್ಲೇಮ್ ತಿಳಿಸಿದ 24 ಗಂಟೆಯೊಳಗೆ ಸರ್ವೇಯರನ್ನು ಗೊತ್ತುಪಡಿಸಬೇಕು, 15 ದಿನದೊಳಗೆ ವರದಿ ಪಡೆಯಬೇಕು, ವರದಿ ಸಿಕ್ಕ ಏಳು ದಿನದೊಳಗೆ ತೀರ್ಮಾನ ಹೇಳಬೇಕು. ಆದರೆ ವ್ಯವಹಾರದಲ್ಲಿ ದಿನ ಕಳೆಯುವುದು ಬೇರೆಡೆ: ಗ್ಯಾರೇಜಿನವರು ಎಸ್ಟಿಮೇಟ್ ಕಳಿಸುವುದಿಲ್ಲ, ಬಿಚ್ಚಿದ ಮೇಲೆ ಕಂಡ ಹೆಚ್ಚುವರಿ ಹಾನಿಗೆ ಎರಡನೇ ಸರ್ವೆ ಕೇಳುವುದಿಲ್ಲ, ಭಾಗ ಬಂದಿಲ್ಲವೆಂದು ಸುಮ್ಮನಿರುತ್ತಾರೆ. ಕಂಪನಿಯನ್ನು ಕೇಳಿದರೆ ಗ್ಯಾರೇಜಿನ ಕಡೆ ಬೆರಳು, ಗ್ಯಾರೇಜನ್ನು ಕೇಳಿದರೆ ಕಂಪನಿಯ ಕಡೆ. ಹಾಗಾಗಿ ಫೋನಿನಲ್ಲಿ ಮಾತಾಡಿದರೂ ಅದೇ ದಿನ ಇಮೇಲ್ ಹಾಕಿ: ಯಾವ ತಾರೀಕಿಗೆ ಏನು ಕೊಟ್ಟೆವು, ಯಾರಿಂದ ಏನು ಬಾಕಿ. ಸರ್ವೇ ವರದಿಯ ಪ್ರತಿಯನ್ನು ಬರಹದಲ್ಲಿ ಕೇಳಿ ಪಡೆಯಿರಿ. ಕಾಗದ ಕೊಡಲಿಲ್ಲವೆಂದು ‘ಕ್ಲೋಸ್’ ಮಾಡಿದ ಕಡತ ಸತ್ತದ್ದಲ್ಲ, ಬೇಕಾದ ಕಾಗದದೊಂದಿಗೆ ಬರೆದು ಮತ್ತೆ ತೆರೆಸಬಹುದು.

ಮುಂಬೈಯಲ್ಲಿ ಅತಿ ಹೆಚ್ಚು ಮನಸ್ತಾಪಕ್ಕೆ ಕಾರಣ ನೀರು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 944 ಮಿ.ಮೀ. ಸುರಿದದ್ದನ್ನು ಯಾರೂ ಮರೆತಿಲ್ಲ. ಹಿಂದ್‌ಮಾತಾ, ಮಿಲನ್ ಸಬ್‌ವೇ, ಅಂಧೇರಿ ಸಬ್‌ವೇ ಪ್ರತಿವರ್ಷ ನೆನಪಿಸುತ್ತಲೂ ಇವೆ. ಪುಣೆಯಲ್ಲಿ 2024ರ ಜುಲೈನಲ್ಲಿ ಖಡಕವಾಸ್ಲಾದಿಂದ ನೀರು ಬಿಟ್ಟಾಗ ಸಿಂಹಗಡ ರಸ್ತೆಯ ಏಕತಾನಗರಿಗೆ ನೀರು ನುಗ್ಗಿತು. ನೀರಿನಿಂದ ಸೀಟು, ಕಾರ್ಪೆಟ್, ವೈರಿಂಗ್ ಹಾಳಾದರೆ ಸಾಮಾನ್ಯ ಕಾಂಪ್ರಹೆನ್ಸಿವ್ (ಥರ್ಡ್ ಪಾರ್ಟಿ, ಓಡಿ ಎರಡೂ ಇರುವ) ಪಾಲಿಸಿಯಲ್ಲೇ ಪರಿಹಾರವಿದೆ. ಎಂಜಿನ್ನಿನ ಕಥೆ ಬೇರೆ. ನಿಂತ ಕಾರನ್ನು ಸ್ಟಾರ್ಟ್ ಮಾಡಿದರೆ ಗಾಳಿಯ ಕೊಳವೆಯಿಂದ ನೀರು ಸಿಲಿಂಡರಿಗೆ ಹೋಗುತ್ತದೆ. ಗಾಳಿಯನ್ನು ಒತ್ತಬಹುದು, ನೀರನ್ನು ಒತ್ತಲಾಗದು. ಪಿಸ್ಟನ್ ಮೇಲೆ ಬರುವಾಗ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಒತ್ತಡ ಹೆಚ್ಚಾದ್ದರಿಂದ ಇನ್ನೂ ಬೇಗ. ಈ ಹಾನಿ ಮಳೆಯಿಂದ ನೇರವಾಗಿ ಆದದ್ದಲ್ಲ, ಸ್ಟಾರ್ಟ್ ಮಾಡಿದ್ದರಿಂದ ಆದದ್ದು ಎಂದು ಕಂಪನಿ ಹೇಳುತ್ತದೆ, ಪಾಲಿಸಿಯ ಭಾಷೆ ಅದರ ಕಡೆಗೇ ಇದೆ. ಎಂಜಿನ್ ಪ್ರೊಟೆಕ್ಟ್ ಆಡ್-ಆನ್ ಇದ್ದವರಿಗೆ ಮಾತ್ರ ದಾರಿ.

ಹಾಗಾಗಿ ನೀರು ಏರಿ ಕಾರು ನಿಂತಿತೋ, ಕೀ ಮುಟ್ಟಬೇಡಿ. ನೀರಿನ ಗೆರೆ ಎಲ್ಲಿಯವರೆಗೆ ಬಂದಿದೆಯೆಂದು ಫೋಟೋ ತೆಗೆಯಿರಿ; ಪಾಯದಾನ, ಸೀಟು, ಡ್ಯಾಶ್‌ಬೋರ್ಡ್, ಈ ಮೂರರಲ್ಲಿ ಯಾವುದರ ಮಟ್ಟ ಎಂಬುದರ ಮೇಲೆ ಬಿಲ್ಲು ನಿಲ್ಲುತ್ತದೆ. ನೀರಿಳಿದ ಮೇಲೆ ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿಸಿ, ಫ್ಲಾಟ್‌ಬೆಡ್ ಮೇಲೆಯೇ ಸಾಗಿಸಿ. ಆಟೊಮ್ಯಾಟಿಕ್ ಗಾಡಿಯನ್ನು ಚಕ್ರ ಉರುಳಿಸುತ್ತ ಎಳೆಯಿಸಿದರೆ ಗೇರ್‌ಬಾಕ್ಸಿಗೂ ಕುತ್ತು. ಗ್ಯಾರೇಜಿನವರು ಏರ್ ಫಿಲ್ಟರ್ ಒದ್ದೆಯಿದೆಯೇ ನೋಡಿ, ಸ್ಪಾರ್ಕ್ ಪ್ಲಗ್ ಬಿಚ್ಚಿ, ಎಂಜಿನ್ನನ್ನು ಕೈಯಲ್ಲಿ ತಿರುಗಿಸಿ ನೋಡುವ ತನಕ ಸೆಲ್ಫ್ ಹೊಡೆಯಬಾರದೆಂದು ಜಾಬ್ ಕಾರ್ಡಿನಲ್ಲೇ ಬರೆಸಿ. ಟ್ಯಾರಿಫಿನಲ್ಲಿ ಕಾರು ಸಾಗಣೆಗೆ ಇರುವುದು 1,500 ರೂ. ಮಾತ್ರ. ರೋಡ್‌ಸೈಡ್ ಅಸಿಸ್ಟೆನ್ಸ್ ಅಗ್ಗದ ಆಡ್-ಆನ್, ಮೇ ತಿಂಗಳಲ್ಲಿ ಊರಿಗೆ ಕಾರಿನಲ್ಲೇ ಹೋಗುವವರಂತೂ ಬಿಡಬಾರದು. ಪಾಲಿಸಿ ದೇಶದುದ್ದಕ್ಕೂ ನಡೆಯುತ್ತದೆ. ಚೋರ್ಲಾ ಘಾಟಿಯಲ್ಲೋ ಕುಂದಾಪುರದಲ್ಲೋ ಪೆಟ್ಟಾದರೆ ಅಲ್ಲಿನ ಸರ್ವೇಯರನ್ನೇ ನೇಮಿಸುತ್ತಾರೆ. ಆದರೆ ಕ್ಯಾಶ್‌ಲೆಸ್ ಗ್ಯಾರೇಜಿನ ಪಟ್ಟಿಯಲ್ಲಿ ಊರಿನ ಕಡೆ ಯಾರಿದ್ದಾರೆಂದು ಪಾಲಿಸಿ ಕೊಳ್ಳುವ ಮುಂಚೆಯೇ ನೋಡಬೇಕು. ಮುಂಬೈಯಲ್ಲಿ ನೂರು ಗ್ಯಾರೇಜಿದ್ದು ಉಡುಪಿಯಲ್ಲಿ ಒಂದೂ ಇಲ್ಲದ ಕಂಪನಿ ನಮ್ಮಂಥವರಿಗೆ ಅರ್ಧ ಕಂಪನಿ.

ಕ್ಲೇಮ್ ಬಿದ್ದುಹೋಗುವ ಇತರ ಕಾರಣಗಳು ಎಲ್ಲರಿಗೂ ಗೊತ್ತು: ಅವಧಿ ಮುಗಿದ ಲೈಸೆನ್ಸು, ಕುಡಿದು ಓಡಿಸಿದ್ದು, ಖಾಸಗಿ ಕಾರನ್ನು ಬಾಡಿಗೆಗೆ ಬಿಟ್ಟದ್ದು. ಗೋವಾದಲ್ಲಿ ಕೊನೆಯದು ಹೆಚ್ಚು. ನಮ್ಮವರಲ್ಲಿ ಮರೆಯುವವರು ಹೆಚ್ಚಿರುವುದು ಸಿಎನ್‌ಜಿ ಕಿಟ್ ವಿಷಯದಲ್ಲಿ. ಹೊರಗೆ ಹಾಕಿಸಿದ ಕಿಟ್ ಆರ್‌ಸಿಯಲ್ಲೂ ಪಾಲಿಸಿಯಲ್ಲೂ ನಮೂದಾಗಬೇಕು. ಓಡಿಗೆ ಕಿಟ್ ಬೆಲೆಯ ಶೇ. 4, ಥರ್ಡ್ ಪಾರ್ಟಿಗೆ 60 ರೂ. ಇಷ್ಟು ಉಳಿಸಲು ಹೋಗಿ ಬೆಂಕಿಯ ಕ್ಲೇಮನ್ನೇ ಕಳೆದುಕೊಳ್ಳುವುದುಂಟು. ಸೆಕೆಂಡ್ ಹ್ಯಾಂಡ್ ಕೊಂಡವರು 14 ದಿನದೊಳಗೆ ಪಾಲಿಸಿಯನ್ನು ತಮ್ಮ ಹೆಸರಿಗೆ ಬರೆಸಬೇಕು. ಪಿಯುಸಿ ಇಲ್ಲವೆಂದು ಕ್ಲೇಮ್ ಕೊಡುವುದಿಲ್ಲ ಎಂಬ ಮಾತು ಮಾತ್ರ ಸುಳ್ಳು, ಪ್ರಾಧಿಕಾರವೇ 2020ರಲ್ಲಿ ಅದನ್ನು ಸ್ಪಷ್ಟಪಡಿಸಿದೆ.

ಕಳವಾದರೆ ಮೊದಲು ಪೊಲೀಸರಿಗೆ, ಅದೇ ದಿನ ಕಂಪನಿಗೆ. ಎಫ್‌ಐಆರ್ ತಕ್ಷಣ ಆಗಿದ್ದರೆ ಕಂಪನಿಗೆ ತಿಳಿಸಲು ತಡವಾಯಿತೆಂಬ ಒಂದೇ ಕಾರಣಕ್ಕೆ ಕ್ಲೇಮ್ ನಿರಾಕರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಆಮೇಲೆ ಕಾಯಬೇಕಾದ್ದು ಪೊಲೀಸರು ಕೋರ್ಟಿಗೆ ಸಲ್ಲಿಸುವ, ಇಲ್ಲಿ ‘ಎ ಸಮರಿ’ ಎನ್ನುವ, ಪತ್ತೆಯಾಗಿಲ್ಲವೆಂಬ ವರದಿಗಾಗಿ. ಎರಡೂ ಕೀ, ಸಹಿ ಮಾಡಿದ ಆರ್‌ಟಿಒ ಫಾರ್ಮ್ 28, 29, 30, ಸಾಲವಿದ್ದರೆ 35 ಸಿದ್ಧವಿರಲಿ. ಎರಡನೇ ಕೀ ಇಲ್ಲದಿದ್ದರೆ ಪ್ರಶ್ನೆಗಳ ಸುರಿಮಳೆ.

ಕಡಿಮೆ ಹಣಕ್ಕೆ ‘ಫುಲ್ ಆ್ಯಂಡ್ ಫೈನಲ್’ ಎಂಬ ವೋಚರಿಗೆ ಸಹಿ ಕೇಳಿದರೆ ಹೆದರಬೇಕಿಲ್ಲ; ಆ ಸಹಿಯಿಂದ ಮುಂದೆ ದೂರುವ ಹಕ್ಕು ಹೋಗುವುದಿಲ್ಲವೆಂದು 2015ರ ಸುತ್ತೋಲೆಯಿದೆ. ಆದರೂ ಒಪ್ಪಿಲ್ಲವೆಂದು ಇಮೇಲ್ ಹಾಕಿಯೇ ಸಹಿ ಮಾಡಿ. ಮೊದಲು ಕಂಪನಿಯ ದೂರು ಅಧಿಕಾರಿಗೆ ಬರೆಯಿರಿ. ಪ್ರಾಧಿಕಾರದ ‘ಬಿಮಾ ಭರೋಸಾ’ ವೆಬ್‌ಸೈಟಿನಲ್ಲೂ 155255 ನಂಬರಿನಲ್ಲೂ ದಾಖಲಿಸಬಹುದು. ಒಂದು ತಿಂಗಳಲ್ಲಿ ಉತ್ತರವಿಲ್ಲದಿದ್ದರೆ, ಅಥವಾ ಉತ್ತರ ಸರಿಯಿಲ್ಲದಿದ್ದರೆ, ಒಂದು ವರ್ಷದೊಳಗೆ ಇಂಥ ದೂರುಗಳನ್ನು ತೀರ್ಮಾನಿಸುವ ವಿಮಾ ಓಂಬುಡ್ಸ್‌ಮನ್ ಬಳಿ. ಮುಂಬೈಯ ಹೆಚ್ಚಿನ ಭಾಗದವರಿಗೆ ಸಾಂತಾಕ್ರೂಜ್ ಪಶ್ಚಿಮದ ಕಚೇರಿ, ಪುಣೆಯವರಿಗೂ ಗೋವಾದವರಿಗೂ ಪುಣೆಯ ನಾರಾಯಣ ಪೇಟೆಯದ್ದು. ಶುಲ್ಕವಿಲ್ಲ, ವಕೀಲರೂ ಬೇಡ. ಆದೇಶವನ್ನು ಕಂಪನಿ 30 ದಿನದಲ್ಲಿ ಪಾಲಿಸದಿದ್ದರೆ ದಿನಕ್ಕೆ 5,000 ರೂ. ದೂರುದಾರರಿಗೆ ಕೊಡಬೇಕು.

ಪ್ರಾಧಿಕಾರದ ಮುಂದೆ ಎರಡು ಬೇಡಿಕೆಗಳನ್ನು ನಿಮ್ಮ ಪತ್ರಿಕೆಯ ಮೂಲಕ ಇಡುತ್ತಿದ್ದೇವೆ. ನವೀಕರಣದ ನೋಟಿಸಿನಲ್ಲಿ ಹೋದ ವರ್ಷದ ಕಂಪನಿ ರಿಯಾಯಿತಿ ಮತ್ತು ಈ ವರ್ಷದ್ದು ಅಕ್ಕಪಕ್ಕ ಅಚ್ಚಾಗಬೇಕು. ಎನ್‌ಎಲ್-39ರಲ್ಲಿ ಮೋಟಾರ್ ಓಡಿ ಸಾಲಿಗೆ ಬಿಲ್ಲಿನ ಮೊತ್ತವೆಷ್ಟು, ಕೊಟ್ಟದ್ದೆಷ್ಟು ಎಂಬ ಎರಡು ಕಾಲಂ ಸೇರಬೇಕು, ಅದೂ ನಗರವಾರು. ಈ ಅಂಕಿಗಳೆಲ್ಲ ಕಂಪನಿಗಳ ಕಂಪ್ಯೂಟರಿನಲ್ಲಿ ಈಗಲೂ ಇವೆ.

ಜೂನ್, ಜುಲೈಯಲ್ಲಿ ಪಾಲಿಸಿ ಮುಗಿಯುವ ಓದುಗರಿಗೆ ಒಂದು ಮಾತು: ಎಂಜಿನ್ ಪ್ರೊಟೆಕ್ಟನ್ನು ಸಾಮಾನ್ಯವಾಗಿ ನವೀಕರಣದ ದಿನವೇ ಸೇರಿಸಬೇಕು, ನಡುವೆ ಸೇರಿಸಿಕೊಡುವುದಿಲ್ಲ. ಒಂದು ದಿನ ತಪ್ಪಿದರೂ ಕಾರಿನ ತಪಾಸಣೆಯಾದ ಮೇಲೆಯೇ ಹೊಸ ಪಾಲಿಸಿ. ಮಳೆ ಹಿಡಿದ ಮೇಲೆ ಆ ತಪಾಸಣೆಯವನು ಬರುವುದೂ ನಿಧಾನ.

ಇತಿ,
ಮೋಟಾರು ವಿಮಾ ಸರ್ವೆ ಮತ್ತು ಕ್ಲೇಮ್ ಕೆಲಸದಲ್ಲಿರುವ ಓದುಗರು
ಮಾಟುಂಗಾ, ಮುಂಬೈ